ಹಾರ್ಲೆಮ್ ಕೇರಿಯ ಮಕ್ಕಳ ಪುಸ್ತಕಗಳು

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಗಗನಚುಂಬಿ ಕಟ್ಟಡಗಳನ್ನೂ ಜಲಪಾತಗಳನ್ನೂ ವರ್ಣಿಸುವುದು ವಾಡಿಕೆ. ನಾವೂ ಅಮೆರಿಕೆಯಲ್ಲಿದ್ದ ಮೂರು ತಿಂಗಳ ಅವಧಿಯಲ್ಲಿ ಅವೆಲ್ಲವನ್ನೂ ಕಂಡು ಸಂತೋಷಪಟ್ಟೆವು. ನಯಾಗರದ ತುಂತುರಿನಲ್ಲಿ ಮಿಂದೆವು. ಸ್ವಾತಂತ್ರ್ಯದೇವಿಯ ಪ್ರತಿಮೆಯ ಅಡಿಯಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡೆವು. ಆದರೆ ಊರಿಗೆ ಮರಳಿದ ಮೇಲೆ ನಮ್ಮ ಮನಸ್ಸಿನಲ್ಲಿ ಬೇರೂರಿ ನಿಂತದ್ದು ಇವಾವುವೂ ಅಲ್ಲ. ನ್ಯೂಯಾರ್ಕ್ ಮಹಾನಗರದ ಒಂದು ಕೇರಿ, ಆ ಕೇರಿಯ ಒಂದು ಗ್ರಂಥಾಲಯ, ಅಲ್ಲಿಯ ಮಕ್ಕಳಿಗಾಗಿ ಹಿರಿಯರು ಬರೆದಿಟ್ಟ ಕೆಲವು ತೆಳುವಾದ ಚಿತ್ರಪುಸ್ತಕಗಳು, ಇವು ಮಾತ್ರ ಇಂದಿಗೂ ನಮ್ಮನ್ನು ಎಡೆಬಿಡದೆ ಪ್ರಶ್ನಿಸುತ್ತಿವೆ. ಆ ಪ್ರಶ್ನೆಯನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಅದು 2019ರ ಬೇಸಗೆ. ನಾವು ದಂಪತಿಗಳು ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿದ್ದೆವು. ಒಂಬತ್ತು ವರ್ಷದ ಮೊಮ್ಮಗಳಿಗೆ ಶಾಲೆಯಿಂದ ರಜೆಯ ಕೆಲಸವೊಂದನ್ನು ಕೊಟ್ಟಿದ್ದರು. ‘ನೀನು ವಾಸಿಸುವ ಬೀದಿಯ ಚರಿತ್ರೆಯನ್ನು ಎರಡು ಪುಟಗಳಲ್ಲಿ ಬರೆ’ ಎಂಬುದು ಆ ಕೆಲಸ. ಮಗು ಅರ್ಧ ಗಂಟೆ ಪೆನ್ಸಿಲು ಕಚ್ಚುತ್ತ ಕುಳಿತು, ಕೊನೆಗೆ ನೋಟುಪುಸ್ತಕವನ್ನು ಮುಚ್ಚಿಟ್ಟು ನಮ್ಮ ಬಳಿಗೆ ಬಂದಿತು. “ಅಜ್ಜ, ನಮ್ಮ ಬೀದಿಗೆ ಚರಿತ್ರೆಯೇ ಇಲ್ಲ. ಇಲ್ಲಿ ಏನೂ ನಡೆದೇ ಇಲ್ಲ” ಎಂದಿತು. ನಾವೂ ಕಿಟಕಿಯಿಂದಾಚೆ ನೋಡಿದೆವು. ಒಂದೇ ಬಗೆಯ ಮನೆಗಳು, ಒಂದೇ ಅಳತೆಯ ಹುಲ್ಲುಹಾಸು. ಮಗುವಿನ ಮಾತು ನಿಜವೆಂದೇ ನಮಗೂ ತೋರಿತು. ಚರಿತ್ರೆಯೆಂದರೆ ಕೋಟೆಕೊತ್ತಲಗಳು, ರಾಜಮಹಾರಾಜರು ಎಂದು ಓದಿ ಬೆಳೆದವರಲ್ಲವೇ ನಾವು!

ಮರುದಿನ ಸೊಸೆಯೊಡನೆ ಊರಿನ ಗ್ರಂಥಾಲಯಕ್ಕೆ ಹೋದ ಮಗು ಒಂದು ಹೊರೆ ಪುಸ್ತಕಗಳೊಡನೆ ಮರಳಿತು. ಬೀದಿಯ ಚರಿತ್ರೆ ಬರೆಯುವ ಬಗೆ ಹೇಗೆಂದು ಕೇಳಿದ್ದಕ್ಕೆ ಅಲ್ಲಿಯ ಗ್ರಂಥಪಾಲಕಿ ಬೇರೆ ಬೇರೆ ಕೇರಿಗಳ ಮೇಲೆ ಬರೆದ ಮಕ್ಕಳ ಪುಸ್ತಕಗಳನ್ನು ಆರಿಸಿಕೊಟ್ಟಿದ್ದಳಂತೆ. ಅವುಗಳಲ್ಲಿ ಅರ್ಧಕ್ಕೂ ಮಿಗಿಲಾದವು ಹಾರ್ಲೆಮ್ ಎಂಬ ಒಂದೇ ಕೇರಿಗೆ ಸಂಬಂಧಿಸಿದ್ದವು. ಮಗು ಅವನ್ನೆಲ್ಲ ಮೂರು ದಿನಗಳಲ್ಲಿ ಓದಿ ಮುಗಿಸಿ, “ನನಗೆ ಹಾರ್ಲೆಮ್ ತೋರಿಸಿ” ಎಂದು ಹಟ ಹಿಡಿಯಿತು.

ಪರಿಚಿತರಲ್ಲಿ ಈ ಮಾತೆತ್ತಿದಾಗ ಒಬ್ಬಿಬ್ಬರು ಹುಬ್ಬೇರಿಸಿದರು. “ನ್ಯೂಯಾರ್ಕಿನಲ್ಲಿ ನೋಡಲು ಬೇರೆ ಸ್ಥಳಗಳಿಲ್ಲವೇ? ಮಗುವನ್ನು ಕರೆದುಕೊಂಡು ಅಲ್ಲಿಗೇಕೆ ಹೋಗುತ್ತೀರಿ?” ಎಂದರು. ಸತ್ಯವನ್ನು ಮರೆಮಾಚುವುದೇಕೆ? ನಮ್ಮ ಎದೆಯಲ್ಲಿಯೂ ಅಳುಕಿತ್ತು. ಹಾರ್ಲೆಮ್ ಎಂದರೆ ಕಳ್ಳತನ, ಕೊಲೆ, ಮಾದಕ ವಸ್ತುಗಳ ಬೀಡು ಎಂಬ ಚಿತ್ರವನ್ನು ಚಲನಚಿತ್ರಗಳಿಂದಲೂ ಸುದ್ದಿಗಳಿಂದಲೂ ನಾವು ಊರಿನಿಂದಲೇ ಹೊತ್ತುಕೊಂಡು ಹೋಗಿದ್ದೆವು. ಆ ಕೇರಿಯಲ್ಲಿಯೂ ಮಕ್ಕಳಿದ್ದಾರೆ, ಅವರೂ ರಾತ್ರಿ ಕಥೆ ಕೇಳಿ ಮಲಗುತ್ತಾರೆ ಎಂಬ ವಿಚಾರ ನಮಗೆ ಒಮ್ಮೆಯೂ ಹೊಳೆದಿರಲಿಲ್ಲ. ಆ ಒಂಬತ್ತು ವರ್ಷದ ಮಗುವಿಗೆ ಮಾತ್ರ ಅಂತಹ ಯಾವ ಭಯವೂ ಇರಲಿಲ್ಲ. ಏಕೆಂದರೆ ಅದು ಹಾರ್ಲೆಮ್ಮನ್ನು ಮೊದಲು ಕಂಡದ್ದು ಪುಸ್ತಕದಲ್ಲಿ.

ಕೇರಿ ಬೆಳೆದ ಬಗೆ

ಮಗ ಒಂದು ದಿನ ರಜೆ ಹಾಕಿದನು. ನ್ಯೂಜೆರ್ಸಿಯಿಂದ ರೈಲಿನಲ್ಲಿ ಮ್ಯಾನ್‌ಹಟನ್ನಿಗೆ ಬಂದು, ಅಲ್ಲಿಂದ ನೆಲದಡಿಯ ರೈಲನ್ನೇರಿ 135ನೆಯ ಬೀದಿಯ ನಿಲ್ದಾಣದಲ್ಲಿಳಿದೆವು. ಮೆಟ್ಟಿಲೇರಿ ಮೇಲೆ ಬಂದರೆ ವಿಶಾಲವಾದ ರಸ್ತೆ. ಹಳಬರು ಅದನ್ನು ಲೆನಾಕ್ಸ್ ಅವೆನ್ಯೂ ಎನ್ನುತ್ತಾರೆ. 1987ರಲ್ಲಿ ಅದಕ್ಕೆ ಮಾಲ್ಕಮ್ ಎಕ್ಸ್ ಬುಲೆವಾರ್ಡ್ ಎಂಬ ಹೆಸರನ್ನೂ ಇಡಲಾಯಿತು.

ಹಾರ್ಲೆಮ್ ಮ್ಯಾನ್‌ಹಟನ್ ದ್ವೀಪದ ಉತ್ತರ ಭಾಗದಲ್ಲಿದೆ. 1658ರಲ್ಲಿ ಡಚ್ಚರು ಇಲ್ಲಿ ನೆಲೆಯೂರಿ, ತಮ್ಮ ನಾಡಿನ ಹಾರ್ಲೆಮ್ ಪಟ್ಟಣದ ಹೆಸರನ್ನೇ ಇದಕ್ಕಿಟ್ಟರು. ಬಹುಕಾಲ ಇದು ಹೊಲತೋಟಗಳ ಹಳ್ಳಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅನುಕೂಲಸ್ಥ ಬಿಳಿಯರಿಗಾಗಿ ಇಲ್ಲಿ ಕಂದುಗಲ್ಲಿನ ಅಂದವಾದ ಮನೆಗಳ ಸಾಲುಗಳು ಎದ್ದವು. 1904ರಲ್ಲಿ ನೆಲದಡಿಯ ರೈಲು ಬರುತ್ತದೆಂಬ ಆಸೆಯಿಂದ ಕಟ್ಟಿದವರು ಮಿತಿಮೀರಿ ಕಟ್ಟಿದ್ದರು. ಮನೆಗಳು ಖಾಲಿ ಬಿದ್ದವು. ಅದೇ ವರ್ಷ ಫಿಲಿಪ್ ಪೇಟನ್ ಎಂಬ ಕಪ್ಪು ಜನಾಂಗದ ವ್ಯಾಪಾರಿ ಒಂದು ಕಂಪನಿಯನ್ನು ಸ್ಥಾಪಿಸಿ, ಆ ಖಾಲಿ ಮನೆಗಳನ್ನು ತನ್ನ ಜನರಿಗೆ ಬಾಡಿಗೆಗೆ ಕೊಡಿಸತೊಡಗಿದನು.

ಆ ಜನರು ಬಂದದ್ದಾದರೂ ಎಲ್ಲಿಂದ? ಅಮೆರಿಕೆಯಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ರದ್ದಾದರೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರು ಬೇರೆ ಶಾಲೆ, ಬೇರೆ ಬೋಗಿ, ಬೇರೆ ನೀರಿನ ನಲ್ಲಿ ಎಂಬ ಅವಮಾನದಲ್ಲಿಯೇ ಬದುಕಬೇಕಾಗಿತ್ತು. ಅದನ್ನು ಸಹಿಸಲಾರದೆ, ಕೆಲಸವನ್ನೂ ಮಾನವನ್ನೂ ಅರಸಿ ಅವರು ಉತ್ತರದ ನಗರಗಳಿಗೆ ಹೊರಟರು. 1910ರ ದಶಕದಿಂದ 1970ರವರೆಗೆ ಹೀಗೆ ವಲಸೆ ಬಂದವರ ಸಂಖ್ಯೆ ಸುಮಾರು 60 ಲಕ್ಷ. ಕೆರಿಬಿಯನ್ ದ್ವೀಪಗಳಿಂದಲೂ ಅನೇಕರು ಬಂದರು. 1920ರ ದಶಕದ ವೇಳೆಗೆ ಹಾರ್ಲೆಮ್ ಆ ಜನಾಂಗದ ಸಾಂಸ್ಕೃತಿಕ ರಾಜಧಾನಿಯೇ ಆಯಿತು. ಕವಿಗಳು, ಗಾಯಕರು, ಚಿತ್ರಕಾರರು, ಚಿಂತಕರು ಒಂದೇ ಕೇರಿಯಲ್ಲಿ ನೆರೆದ ಆ ಕಾಲವನ್ನು ಹಾರ್ಲೆಮ್ ಪುನರುಜ್ಜೀವನವೆಂದು ಇಂದಿಗೂ ಕೊಂಡಾಡುತ್ತಾರೆ.

ಇದರ ಇನ್ನೊಂದು ಮುಖವೂ ಉಂಟು. ಬಾಡಿಗೆ ಹೆಚ್ಚು, ಕೂಲಿ ಕಡಿಮೆ, ಒಂದೇ ಮನೆಯಲ್ಲಿ ಹಲವು ಸಂಸಾರ. ಮಡುಗಟ್ಟಿದ ಅಸಮಾಧಾನವು 1935, 1943 ಮತ್ತು 1964ರಲ್ಲಿ ಗಲಭೆಗಳಾಗಿ ಸಿಡಿಯಿತು. ಮುಂದೆ ಎಷ್ಟೋ ಮನೆಗಳು ಪಾಳುಬಿದ್ದವು. ಹೊರಗಿನವರ ಕಿವಿಗೆ ತಲುಪಿದ್ದು ಈ ಭಾಗದ ಸುದ್ದಿ ಮಾತ್ರ. ನಮ್ಮ ಅಳುಕಿನ ಮೂಲವೂ ಇದೇ.

ಚರಿತ್ರೆಯಿಲ್ಲ ಎನ್ನಿಸಿಕೊಂಡ ಬಾಲಕ

135ನೆಯ ಬೀದಿಯಲ್ಲಿ ಒಂದು ಶಾಖಾ ಗ್ರಂಥಾಲಯವಿತ್ತು. ಕಾರ್ನೆಗಿಯವರ ದಾನದ ಹಣದಿಂದ ಕಟ್ಟಿದ ಆ ಕಟ್ಟಡ 1905ರಲ್ಲಿ ತೆರೆಯಿತು. ಇಂದು ಅದರ ಪಕ್ಕದಲ್ಲಿಯೇ ಷೋಮ್ಬರ್ಗ್ ಕೇಂದ್ರವೆಂಬ ಸಂಶೋಧನ ಗ್ರಂಥಾಲಯವು 1980ರಲ್ಲಿ ಕಟ್ಟಿದ ಹೊಸ ಮಂದಿರದಲ್ಲಿದೆ. ಈ ಕೇಂದ್ರ ಯಾರ ಹೆಸರನ್ನು ಹೊತ್ತಿದೆಯೋ ಆ ಮಹನೀಯರ ಜೀವನವನ್ನು ಮೊಮ್ಮಗಳು ಆಗಲೇ ಪುಸ್ತಕದಲ್ಲಿ ಓದಿದ್ದಳು. ಬಾಗಿಲಲ್ಲಿಯೇ ನಿಂತು ನಮಗೆ ವಿವರಿಸಿದಳು.

ಆರ್ಟುರೊ ಷೋಮ್ಬರ್ಗ್ 1874ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಜನಿಸಿದರು. ಬಾಲ್ಯದಲ್ಲಿ ಶಾಲೆಯ ಶಿಕ್ಷಕರೊಬ್ಬರು, ಕಪ್ಪು ಜನರಿಗೆ ಚರಿತ್ರೆಯಾಗಲಿ ವೀರರಾಗಲಿ ಇಲ್ಲವೆಂದು ತರಗತಿಯಲ್ಲಿ ಹೇಳಿದರಂತೆ. ಆ ಮಾತು ಬಾಲಕನ ಎದೆಯಲ್ಲಿ ಮುಳ್ಳಾಗಿ ನಾಟಿತೆಂದು ಅವರ ಜೀವನಕಥೆಗಳು ತಿಳಿಸುತ್ತವೆ. 1891ರಲ್ಲಿ ನ್ಯೂಯಾರ್ಕಿಗೆ ಬಂದ ಆತ ಬಹುಕಾಲ ಬ್ಯಾಂಕೊಂದರ ಟಪಾಲು ವಿಭಾಗದಲ್ಲಿ ನೌಕರಿ ಮಾಡಿದರು. ದೊಡ್ಡ ಸಂಬಳವಿರಲಿಲ್ಲ, ಪದವಿಯೂ ಇರಲಿಲ್ಲ. ಆದರೂ ಉಳಿಸಿದ ಹಣದಲ್ಲಿ ತಮ್ಮ ಜನಾಂಗದವರು ಬರೆದ ಪುಸ್ತಕ, ಹಸ್ತಪ್ರತಿ, ಕರಪತ್ರ, ಚಿತ್ರಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ಕೊಂಡು ತಂದರು. 1926ರಲ್ಲಿ ಕಾರ್ನೆಗಿ ಸಂಸ್ಥೆ ಕೊಟ್ಟ 10,000 ಡಾಲರುಗಳಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು ಆ ಸಂಗ್ರಹವನ್ನು ಕೊಂಡು ಈ ಕೇರಿಯಲ್ಲಿಯೇ ಇರಿಸಿತು. 1932ರಿಂದ 1938ರಲ್ಲಿ ತೀರಿಕೊಳ್ಳುವವರೆಗೆ ಷೋಮ್ಬರ್ಗರೇ ಅದರ ಪಾಲಕರಾಗಿದ್ದರು. ಅವರ ಬಾಳನ್ನು ಕವಯಿತ್ರಿ ಕ್ಯಾರೋಲ್ ಬಾಸ್ಟನ್ ವೆದರ್‌ಫರ್ಡ್ ಮತ್ತು ಚಿತ್ರಕಾರ ಎರಿಕ್ ವೆಲಾಸ್ಕೆಸ್ 2017ರಲ್ಲಿ ಮಕ್ಕಳ ಚಿತ್ರಪುಸ್ತಕವಾಗಿ ಹೊರತಂದರು.

“ಅಜ್ಜ, ನಮ್ಮ ಬೀದಿಗೆ ಚರಿತ್ರೆ ಇಲ್ಲವೆಂದು ನಾನೂ ಹೇಳಿದ್ದೆನಲ್ಲ!” ಎಂದು ಮಗು ಮೆಲ್ಲಗೆ ನುಡಿಯಿತು. ನಾವು ಏನೂ ಉತ್ತರಿಸಲಿಲ್ಲ. ಆ ಮಾತಿಗೆ ಅಂದು ತಲೆದೂಗಿದವರು ನಾವೇ ಆಗಿದ್ದೆವು.

ಒಳಗಿನ ಅಂಗಳದ ನೆಲದಲ್ಲಿ ವರ್ತುಲಾಕಾರದ ಒಂದು ಚಿತ್ತಾರವಿದೆ. ಅದರಡಿಯಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಚಿತಾಭಸ್ಮವನ್ನು 1991ರಲ್ಲಿ ಇರಿಸಿದ್ದಾರೆ. ಜನರು ಅದರ ಮೇಲೆಯೇ ಸಹಜವಾಗಿ ನಡೆದಾಡುತ್ತಿದ್ದರು. ನಮ್ಮ ಮನೆಯವರು ಮಾತ್ರ ಸೆರಗನ್ನು ಸರಿಪಡಿಸಿಕೊಂಡು ಬದಿಗೆ ಸರಿದು ನಡೆದರು. ಹ್ಯೂಸ್ ಮಕ್ಕಳಿಗಾಗಿಯೂ ಬರೆದವರು. ಅವರ ತಾರುಣ್ಯದ ಬರಹಗಳು 1921ರಲ್ಲಿ ಅಚ್ಚಾದದ್ದು ‘ದಿ ಬ್ರೌನೀಸ್ ಬುಕ್’ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ. ಕಪ್ಪು ಜನಾಂಗದ ಮಕ್ಕಳಿಗೆಂದೇ ಡು ಬಾಯ್ಸ್ ಎಂಬ ಮಹಾವಿದ್ವಾಂಸರು ಜೆಸ್ಸಿ ಫಾಸೆಟ್ ಮೊದಲಾದವರೊಡನೆ 1920ರ ಜನವರಿಯಲ್ಲಿ ಅದನ್ನು ಆರಂಭಿಸಿದರು. ಬೆಲೆ 15 ಸೆಂಟು. 24 ಸಂಚಿಕೆಗಳು ಹೊರಬಂದು, ಹಣದ ಕೊರತೆಯಿಂದ 1921ರ ಡಿಸೆಂಬರಿನಲ್ಲಿ ಅದು ನಿಂತುಹೋಯಿತು. ಮಾಸಪತ್ರಿಕೆಯೊಂದನ್ನು ನಡೆಸುವ ಕಷ್ಟವನ್ನು ಬಲ್ಲ ನಮ್ಮ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಆದರೆ ಎರಡೇ ವರ್ಷ ಬದುಕಿದ ಆ ಪತ್ರಿಕೆಯ ಹೆಸರನ್ನು ನೂರು ವರ್ಷಗಳ ಮೇಲೂ ನೆನೆಯುತ್ತಾರೆ.

ಗ್ರಂಥಪಾಲಕಿಯರ ತಪಸ್ಸು

ಸಂಗ್ರಹವೇನೋ ಹಿರಿಯರಿಗೆ ಒದಗಿತು. ಮಕ್ಕಳ ಗತಿ? ಇದಕ್ಕೆ ಉತ್ತರವನ್ನು ಕೊಟ್ಟವರು ಇದೇ 135ನೆಯ ಬೀದಿಯ ಶಾಖೆಯ ಗ್ರಂಥಪಾಲಕಿಯರು. 1920ರಲ್ಲಿ ಇಲ್ಲಿಯ ಮುಖ್ಯಸ್ಥೆಯಾಗಿ ಬಂದ ಅರ್ನೆಸ್ಟೀನ್ ರೋಸ್, ಗ್ರಂಥಾಲಯವು ಕೇರಿಯ ಜನರಂತೆಯೇ ಇರಬೇಕೆಂದು ಬಗೆದು ಕಪ್ಪು ಜನಾಂಗದ ಮಹಿಳೆಯರನ್ನೂ ಕೆಲಸಕ್ಕೆ ತೆಗೆದುಕೊಂಡರು. 1921ರಲ್ಲಿ ಪೋರ್ಟೊ ರಿಕೊದಿಂದ ಬಂದ ಪೂರಾ ಬೆಲ್‌ಪ್ರೆ ಎಂಬ ತರುಣಿ ಸೇರಿದರು. ತಮ್ಮ ಅಜ್ಜಿ ಹೇಳಿದ ಕಥೆಗಳು ಇಲ್ಲಿಯ ಒಂದು ಕಪಾಟಿನಲ್ಲಿಯೂ ಇಲ್ಲವಲ್ಲ ಎಂದು ಆಕೆಗೆ ಕೊರಗಾಯಿತು. ಆಕೆ ಅವನ್ನು ತಾವೇ ಹೇಳತೊಡಗಿದರು, ಬಳಿಕ ಬರೆದರು. ಜಿರಲೆ ಮತ್ತು ಇಲಿಯ ಮದುವೆಯ ಕಥೆಯಾದ ‘ಪೆರೆಜ್ ಮತ್ತು ಮಾರ್ಟಿನಾ’ 1932ರಲ್ಲಿ ಪ್ರಕಟವಾಯಿತು. ಮುಂದೆ ಸ್ಪ್ಯಾನಿಷ್ ಮಾತನಾಡುವ ಕುಟುಂಬಗಳಿಗಾಗಿ ಎರಡು ಭಾಷೆಗಳಲ್ಲಿ ಕಥಾಕಾಲವನ್ನು ನಡೆಸಿದರು. 1996ರಿಂದ ಅವರ ಹೆಸರಿನಲ್ಲಿ ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿ ಕೊಡುತ್ತಿದ್ದಾರೆ.

1937ರಲ್ಲಿ ಬಂದವರು ಆಗಸ್ಟಾ ಬೇಕರ್. ಆಕೆ ಮಕ್ಕಳ ವಿಭಾಗದ ಕಪಾಟುಗಳನ್ನು ಪರಿಶೀಲಿಸಿದಾಗ ದೊರೆತದ್ದೇನು? ಕಪ್ಪು ಮಕ್ಕಳನ್ನು ವಿಕಾರವಾಗಿ ಚಿತ್ರಿಸಿ, ಅವರ ಬಾಯಲ್ಲಿ ಹರಕುಮುರುಕು ಭಾಷೆಯನ್ನು ತುರುಕಿ, ನಗೆಗೀಡು ಮಾಡಿದ ಪುಸ್ತಕಗಳು. ತನ್ನ ಕೇರಿಯ ಮಗು ಇವನ್ನು ತೆರೆದು ತನ್ನನ್ನು ತಾನು ಹೇಗೆ ಕಂಡೀತು ಎಂದು ಆ ತಾಯಿಯ ಮನಸ್ಸು ನೊಂದಿತು. 1939ರಲ್ಲಿ ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಅವರ ಸ್ಮರಣಾರ್ಥವಾಗಿ ಹೊಸ ಸಂಗ್ರಹವೊಂದನ್ನು ಆರಂಭಿಸಿದರು. ಭಾಷೆ, ಚಿತ್ರ, ವಸ್ತು, ಈ ಮೂರರಲ್ಲಿಯೂ ಮಗುವಿನ ಗೌರವಕ್ಕೆ ಕುಂದು ತರದ ಪುಸ್ತಕಕ್ಕೆ ಮಾತ್ರ ಅಲ್ಲಿ ಪ್ರವೇಶ. ಯೋಗ್ಯ ಪುಸ್ತಕಗಳ ಪಟ್ಟಿಗಳನ್ನು ಅಚ್ಚುಹಾಕಿಸಿದರು. ಇಂತಹ ಪುಸ್ತಕಗಳು ಬೇಕೆಂದು ಪ್ರಕಾಶಕರಿಗೂ ಲೇಖಕರಿಗೂ ಹೇಳುತ್ತಲೇ ಬಂದರು. 1961ರಲ್ಲಿ ಇಡೀ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ಸೇವೆಗೆ ಅವರೇ ಮುಖ್ಯಸ್ಥೆಯಾದರು. ಆಕೆ ಕಥೆ ಹೇಳುವುದರಲ್ಲಿ ಅಸಾಧಾರಣರಾಗಿದ್ದರು. ಈ ಗ್ರಂಥಾಲಯಗಳಲ್ಲಿ ಕಥೆಗೆ ಮೊದಲು ಮೇಣದ ಬತ್ತಿಯೊಂದನ್ನು ಹಚ್ಚಿ, ಕಥೆ ಮುಗಿದ ಮೇಲೆ ಮನಸ್ಸಿನಲ್ಲಿ ಒಂದು ಆಸೆಯನ್ನು ನೆನೆದು ಆರಿಸುವ ಪದ್ಧತಿಯಿತ್ತು. ದೀಪವನ್ನು ಊದಿ ಆರಿಸುವುದು ನಮ್ಮವರಿಗೆ ರುಚಿಸದಿರಬಹುದು; ಆದರೆ ಕಥೆಯನ್ನು ದೀಪ ಹಚ್ಚಿ ಆರಂಭಿಸುವ ಭಾವ ನಮಗೆ ಹೊಸದಲ್ಲ.

ಮಕ್ಕಳ ಕೋಣೆಯಲ್ಲಿ

ಷೋಮ್ಬರ್ಗ್ ಕೇಂದ್ರದ ಹಿಂಬದಿಗೆ, 136ನೆಯ ಬೀದಿಯಲ್ಲಿ, ಕೌಂಟೀ ಕಲನ್ ಗ್ರಂಥಾಲಯವಿದೆ. ಕೌಂಟೀ ಕಲನ್ ಇದೇ ಕೇರಿಯ ಕವಿ, ಮೇಲಾಗಿ ಶಾಲಾ ಶಿಕ್ಷಕರು. ‘ದಿ ಲಾಸ್ಟ್ ಜೂ’ ಎಂಬ ಅವರ ಮಕ್ಕಳ ಪುಸ್ತಕ 1940ರಲ್ಲಿ ಹೊರಬಂದಿತು. ಅವರ ಬಳಿ ಓದಿದ ಹುಡುಗರಲ್ಲಿ ಒಬ್ಬನೇ ಮುಂದೆ ಜಗತ್ಪ್ರಸಿದ್ಧ ಲೇಖಕನಾದ ಜೇಮ್ಸ್ ಬಾಲ್ಡ್‌ವಿನ್. 1924ರಲ್ಲಿ ಜನಿಸಿ ಬಡತನದಲ್ಲಿ ಬೆಳೆದ ಆ ಹುಡುಗ ವಾರಕ್ಕೆ ಮೂರು ನಾಲ್ಕು ಸಲ 135ನೆಯ ಬೀದಿಯ ಗ್ರಂಥಾಲಯಕ್ಕೆ ಬಂದು, ಅಲ್ಲಿದ್ದುದನ್ನೆಲ್ಲ ಓದಿಬಿಟ್ಟೆನೆಂದು ಮುಂದೆ ಹೇಳಿಕೊಂಡಿದ್ದುಂಟು.

ಮಕ್ಕಳ ಕೋಣೆಯ ಪುಟ್ಟ ಕುರ್ಚಿಗಳಲ್ಲಿ ಮೊಮ್ಮಗಳು ಕುಳಿತಳು. ನಮ್ಮ ಮೊಳಕಾಲುಗಳಿಗೆ ಅವು ಒಗ್ಗಲಿಲ್ಲ, ಆದರೂ ಕುಳಿತೆವು. ಮುಂದಿನ ಎರಡು ಗಂಟೆ ನಾವು ಅಜ್ಜ ಅಜ್ಜಿ ವಿದ್ಯಾರ್ಥಿಗಳು, ಮೊಮ್ಮಗಳು ಗುರು.

ಮೊದಲು ತೆರೆದದ್ದು ‘ಟಾರ್ ಬೀಚ್’. ಇದನ್ನು ಬರೆದು ಚಿತ್ರಿಸಿದವರು ಹಾರ್ಲೆಮ್ಮಿನಲ್ಲಿಯೇ 1930ರಲ್ಲಿ ಜನಿಸಿದ ಫೇತ್ ರಿಂಗೋಲ್ಡ್. ನಮ್ಮ ಆ ಭೇಟಿಯ ಐದು ವರ್ಷಗಳ ಮೇಲೆ, 2024ರಲ್ಲಿ, ಅವರು ತೀರಿಕೊಂಡರು. ಪುಸ್ತಕ ಪ್ರಕಟವಾದದ್ದು 1991ರಲ್ಲಿ. ಕಥೆ ನಡೆಯುವುದು 1939ರಲ್ಲಿ. ಸೆಕೆ ತಾಳಲಾರದ ರಾತ್ರಿಗಳಲ್ಲಿ ಸಂಸಾರಗಳು ಡಾಂಬರು ಬಳಿದ ಮಾಳಿಗೆಯ ಮೇಲೆ ಹಾಸಿಗೆ ಹಾಸಿ, ಊಟ ಹಂಚಿಕೊಂಡು, ನಕ್ಷತ್ರ ನೋಡುತ್ತ ಮಲಗುತ್ತವೆ. ಎಂಟು ವರ್ಷದ ಕ್ಯಾಸಿ ಎಂಬ ಹುಡುಗಿ ಅಲ್ಲಿಂದ ಮೇಲೆದ್ದು ನಗರದ ಮೇಲೆಲ್ಲ ಹಾರುತ್ತಾಳೆ. ಜಾರ್ಜ್ ವಾಷಿಂಗ್‌ಟನ್ ಸೇತುವೆಯನ್ನು ತನ್ನದಾಗಿಸಿಕೊಳ್ಳುತ್ತಾಳೆ. ಆಕೆಯ ತಂದೆ ಕಟ್ಟಡದ ಕೆಲಸಗಾರ. ಆ ಸೇತುವೆಯನ್ನು ಕಟ್ಟಿದವರಲ್ಲಿ ಆತನೂ ಒಬ್ಬ. ಆದರೆ ಮೈಬಣ್ಣದ ಕಾರಣ ಕೆಲಸಗಾರರ ಸಂಘದಲ್ಲಿ ಆತನಿಗೆ ಸ್ಥಾನವಿಲ್ಲ. ಇಷ್ಟು ದೊಡ್ಡ ಅನ್ಯಾಯವನ್ನು ಇಷ್ಟು ಚಿಕ್ಕ ಪುಸ್ತಕ ಮಗುವಿಗೆ ಭಯವಾಗದಂತೆ, ಸುಳ್ಳೂ ಆಗದಂತೆ ತಿಳಿಸುತ್ತದೆ. ಚಿತ್ರಗಳ ಅಂಚಿನಲ್ಲಿ ಬಣ್ಣಬಣ್ಣದ ಬಟ್ಟೆಯ ಚೌಕಗಳಿವೆ. ರಿಂಗೋಲ್ಡ್ ಈ ಕಥೆಯನ್ನು ಮೊದಲು ಹೊಲಿದದ್ದು 1988ರಲ್ಲಿ, ಹಚ್ಚಡದ ಮೇಲೆ. ಅವರ ವಂಶದ ಹಿರಿಯಜ್ಜಿಯರು ಗುಲಾಮಗಿರಿಯ ಕಾಲದಲ್ಲಿಯೂ ಹೊಲಿಯುತ್ತಿದ್ದ ಹಚ್ಚಡಗಳ ಪರಂಪರೆ ಅದು. ನಮ್ಮ ಮನೆಯವರು ಪುಟವನ್ನು ಬೆರಳಿನಿಂದ ಸವರಿ, “ಇದು ನಮ್ಮ ಕೌದಿಯಲ್ಲವೇ?” ಎಂದರು. ಧಾರವಾಡದ ಮಾಳಿಗೆ, ಬೇಸಗೆಯ ರಾತ್ರಿ, ಹಳೆಯ ಸೀರೆಗಳ ಕೌದಿ, ಎಲ್ಲವೂ ಒಮ್ಮೆಲೇ ಕಣ್ಮುಂದೆ ಬಂದಂತಾಯಿತು.

ಎರಡನೆಯದು ಬಾಲ್ಡ್‌ವಿನ್ ಬರೆದ ‘ಲಿಟಲ್ ಮ್ಯಾನ್, ಲಿಟಲ್ ಮ್ಯಾನ್’. ತಮ್ಮ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂದು ಸೋದರನ ಮಗ ಕೇಳಿದ್ದಕ್ಕೆ ಬರೆದ ಕಥೆಯಿದು. 1976ರಲ್ಲಿ ಪ್ರಕಟವಾಗಿ, ಬಹುಕಾಲ ಅಲಭ್ಯವಾಗಿದ್ದು, 2018ರಲ್ಲಿ ಮತ್ತೆ ಅಚ್ಚಾಯಿತು. ನಾಲ್ಕು ವರ್ಷದ ಟೀಜೆ ಎಂಬ ಹುಡುಗನ ಕಣ್ಣಿನಿಂದ ಹಾರ್ಲೆಮ್ಮಿನ ಒಂದೇ ಒಂದು ಬೀದಿಯನ್ನು ಅದು ತೋರಿಸುತ್ತದೆ. ಚೆಂಡಾಟವೂ ಇದೆ, ಕುಡುಕರೂ ಇದ್ದಾರೆ, ಪೊಲೀಸರೂ ಇದ್ದಾರೆ, ಮಗುವನ್ನು ಕಾಯುವ ನೆರೆಹೊರೆಯವರೂ ಇದ್ದಾರೆ. ಕೇರಿಯ ಕೆಡುಕನ್ನು ಲೇಖಕರು ಮುಚ್ಚಿಡಲಿಲ್ಲ. ಕೆಡುಕೇ ಕೇರಿಯೆಂದೂ ಹೇಳಲಿಲ್ಲ. ಚಿತ್ರ ಬರೆದ ಫ್ರೆಂಚ್ ಕಲಾವಿದ ಯೋರಾನ್ ಕಜಾಕ್ ಹಾರ್ಲೆಮ್ಮನ್ನು ನೋಡಿಯೇ ಇರಲಿಲ್ಲವಂತೆ. ಬಾಲ್ಡ್‌ವಿನ್ ಬಾಯಲ್ಲಿ ಕೇಳಿಯೇ ಚಿತ್ರಿಸಿದರು.

ಮೂರನೆಯದು ವಾಲ್ಟರ್ ಡೀನ್ ಮೈಯರ್ಸ್ ಅವರ ‘ಹಾರ್ಲೆಮ್’. ಇದು 1997ರದು, ಚಿತ್ರಗಳು ಅವರ ಮಗ ಕ್ರಿಸ್ಟೋಫರರವು. ತಂದೆ ಪದ ಕಟ್ಟಿದರೆ ಮಗ ಬಣ್ಣ ತುಂಬಿದ ಈ ಪುಸ್ತಕ ಕೇರಿಯ ಗುಡಿಗಳನ್ನೂ ಸಂಗೀತವನ್ನೂ ಬೀದಿಗಳನ್ನೂ ಹಾಡಿ ಹೊಗಳುತ್ತದೆ. ಮೈಯರ್ಸ್ ಬಾಲ್ಯದಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಕಂದು ಕಾಗದದ ಚೀಲದಲ್ಲಿ ಅಡಗಿಸಿ ಮನೆಗೆ ಒಯ್ಯುತ್ತಿದ್ದರಂತೆ, ಓದುವ ಹುಡುಗನೆಂದು ಗೆಳೆಯರು ಗೇಲಿ ಮಾಡುವರೆಂಬ ಅಂಜಿಕೆಯಿಂದ. ಆ ಪುಸ್ತಕಗಳಲ್ಲಿ ತನ್ನಂತಹ ಹುಡುಗರೇ ಇಲ್ಲವೆಂಬ ಅರಿವು ಬೆಳೆದಂತೆಲ್ಲ ಬಾಧಿಸಿತು. ಶಾಲೆ ಬಿಟ್ಟರು, ಸೈನ್ಯ ಸೇರಿದರು. ಮುಂದೆ ಆ ಕೊರತೆಯನ್ನು ತುಂಬುವುದಕ್ಕೇ ಬದುಕನ್ನು ಮುಡಿಪಿಟ್ಟರು. 2014ರಲ್ಲಿ ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು ಅವರು ಪತ್ರಿಕೆಯೊಂದರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಹಿಂದಿನ ವರ್ಷ ಪ್ರಕಟವಾದ 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರ ಬಗ್ಗೆ ಇದ್ದವು 93 ಮಾತ್ರ. ಬೇಕರ್ ಅವರು ಆರಂಭಿಸಿದ ಕೆಲಸ ಮುಗಿದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಾವು ಓದುತ್ತಿದ್ದುದನ್ನು ಗಮನಿಸಿದ ಅಲ್ಲಿಯ ಒಬ್ಬ ಗ್ರಂಥಪಾಲಕಿ ಬಳಿಗೆ ಬಂದು ಮಗುವನ್ನು ಮಾತನಾಡಿಸಿದಳು. ತನ್ನ ಬೀದಿಗೆ ಚರಿತ್ರೆಯಿಲ್ಲವೆಂಬ ಕಷ್ಟವನ್ನು ಮಗು ಅವಳಿಗೂ ಹೇಳಿತು. ಆಕೆ ಉಪದೇಶ ಮಾಡಲಿಲ್ಲ. ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಟ್ಟಳು. ನಿನ್ನ ಬೀದಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು? ಬೀದಿಗೆ ಆ ಹೆಸರು ಹೇಗೆ ಬಂದಿತು? ಮನೆಗಳಿಗೆ ಮೊದಲು ಅಲ್ಲಿ ಏನಿತ್ತು? ಹಿಂದೆ ಇದ್ದು ಈಗ ಇಲ್ಲದ್ದು ಯಾವುದು? ಒಂದಕ್ಕೂ ಮಗುವಿಗೆ ಉತ್ತರ ತಿಳಿದಿರಲಿಲ್ಲ. ಕಾಗದವನ್ನು ಮಡಿಸಿ ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡಿತು.

ಬೀದಿಯಲ್ಲಿ ನಡೆದಾಗ

ಮಧ್ಯಾಹ್ನ ದಕ್ಷಿಣಕ್ಕೆ ನಡೆದೆವು. ಕಂದುಗಲ್ಲಿನ ಮನೆಗಳ ಮುಂದಿನ ಎತ್ತರದ ಮೆಟ್ಟಿಲುಗಳ ಮೇಲೆ ಮುದುಕರು ಕುಳಿತು ಹರಟುತ್ತಿದ್ದರು. ಈ ಮೆಟ್ಟಿಲಿಗೆ ಅಲ್ಲಿಯವರು ಹೇಳುವ ‘ಸ್ಟೂಪ್’ ಎಂಬ ಮಾತು ಡಚ್ಚರು ಬಿಟ್ಟುಹೋದದ್ದು. ಕೆಲಸ ಮಾತ್ರ ನಮ್ಮ ಜಗಲಿಯದೇ. ಒಬ್ಬ ವೃದ್ಧೆ ನಮ್ಮ ಮನೆಯವರ ಸೀರೆಯನ್ನು ಮೆಚ್ಚಿ, ಎಲ್ಲಿಂದ ಬಂದಿರೆಂದು ವಿಚಾರಿಸಿದಳು. ನಮ್ಮ ಅಳುಕು ಯಾವಾಗ ಕರಗಿತೆಂಬುದು ನಮಗೇ ತಿಳಿಯಲಿಲ್ಲ.

127ನೆಯ ಬೀದಿಯಲ್ಲಿ ಹ್ಯೂಸ್ ವಾಸಿಸುತ್ತಿದ್ದ ಮನೆಯನ್ನು ಹೊರಗಿನಿಂದ ನೋಡಿದೆವು. ಮೆಟ್ಟಿಲಿನ ಪಕ್ಕದ ಪುಟ್ಟ ಜಾಗದಲ್ಲಿ ಅವರು ಬೀದಿಯ ಮಕ್ಕಳಿಂದ ಹೂಗಿಡಗಳನ್ನು ನೆಡಿಸಿ, ಒಂದೊಂದು ಗಿಡದ ಬಳಿಯೂ ನೆಟ್ಟ ಮಗುವಿನ ಹೆಸರನ್ನು ಬರೆಸಿದ್ದರಂತೆ. 125ನೆಯ ಬೀದಿಗೆ ಬಂದಾಗ ಮೊಮ್ಮಗಳು ‘ದಿ ಬುಕ್ ಇಚ್’ ಪುಸ್ತಕದ ಅಂಗಡಿ ಎಲ್ಲಿ ಎಂದು ಕೇಳಿದಳು. ಲೂಯಿಸ್ ಮಿಶೋ ಎಂಬಾತ 1930ರ ದಶಕದಿಂದ ಇಲ್ಲಿ ನಡೆಸಿದ ಪುಸ್ತಕದಂಗಡಿಯ ಕಥೆಯಿದು. ಅವರ ವಂಶದವರೇ ಆದ ವೌಂಡ ಮಿಶೋ ನೆಲ್ಸನ್ 2015ರಲ್ಲಿ ಬರೆದದ್ದು. ಕೊಳ್ಳಲು ಹಣವಿಲ್ಲದವರೂ ಅಲ್ಲಿ ಕುಳಿತು ಓದಬಹುದಾಗಿತ್ತು. ಸರ್ಕಾರಿ ಕಚೇರಿಗಳ ಕಟ್ಟಡಕ್ಕಾಗಿ ಅಂಗಡಿ ತನ್ನ ಮೂಲೆಯನ್ನು ತೆರವು ಮಾಡಬೇಕಾಯಿತು. 1970ರ ದಶಕದ ಮಧ್ಯದಲ್ಲಿ ಮುಚ್ಚಿಯೇ ಹೋಯಿತು. ಈಗ ಅಲ್ಲಿ ಎತ್ತರದ ಕಟ್ಟಡವಿದೆ. ಮಗು ಕಟ್ಟಡವನ್ನೊಮ್ಮೆ ನೋಡಿ, “ಪುಸ್ತಕದಲ್ಲಿ ಇನ್ನೂ ತೆರೆದಿದೆ” ಎಂದಿತು.

ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಹಾರ್ಲೆಮ್ಮಿನಲ್ಲಿ ಇತ್ತೀಚಿನ ದಶಕಗಳಲ್ಲಿ ಬಾಡಿಗೆಗಳು ಏರಿ, ಹಳೆಯ ನಿವಾಸಿಗಳು ಕೇರಿ ಬಿಟ್ಟು ಹೋಗುತ್ತಿದ್ದಾರೆ. ಹೊಸ ಅಂಗಡಿಗಳು, ಹೊಸ ಜನ ಬಂದಿದ್ದಾರೆ. ಕಲ್ಲು ಇಟ್ಟಿಗೆಗಳನ್ನು ಉಳಿಸಿಕೊಳ್ಳುವುದು ಎಲ್ಲರ ಕೈಯಲ್ಲಿಲ್ಲ. ಬರೆದಿಟ್ಟದ್ದು ಮಾತ್ರ ಉಳಿಯುತ್ತದೆ. ಬರೆಯಬೇಕಾದರೆ, ಇದು ಬರೆಯಲು ಯೋಗ್ಯವೆಂದು ಯಾರಾದರೂ ಮೊದಲು ಬಗೆಯಬೇಕು.

ಮರಳುವಾಗ 125ನೆಯ ಬೀದಿಯ ನಿಲ್ದಾಣದಲ್ಲಿ ರೈಲಿಗಾಗಿ ಕಾದೆವು. ಅಲ್ಲಿಯ ಗೋಡೆಯಲ್ಲಿ ರಿಂಗೋಲ್ಡ್ ಅವರೇ 1996ರಲ್ಲಿ ರಚಿಸಿದ ಬಣ್ಣದ ಹರಳುಗಳ ಚಿತ್ರವಿದೆ. ಕೇರಿಯ ಗಾಯಕರು, ಕ್ರೀಡಾಪಟುಗಳು, ನಾಯಕರು ಕೇರಿಯ ಕಟ್ಟಡಗಳ ಮೇಲೆ ಹಾರುತ್ತಿದ್ದಾರೆ, ಕ್ಯಾಸಿಯ ಹಾಗೆ.

ನಮ್ಮ ಓಣಿ

ರೈಲಿನಲ್ಲಿ ಮಗು ಜೇಬಿನ ಕಾಗದವನ್ನು ಬಿಡಿಸಿ, “ಅಜ್ಜ, ನಿಮ್ಮ ಓಣಿಯ ಬಗ್ಗೆ ಹೇಳಿ” ಎಂದಿತು. ಅರುವತ್ತೆಂಟು ವರ್ಷ ಬದುಕಿದ ನಾವು ಬಾಯಿ ತೆರೆದೆವು, ಮಾತು ಹೊರಡಲಿಲ್ಲ. ಚಾಲುಕ್ಯರ, ವಿಜಯನಗರದ ಅರಸರ ಇಸವಿಗಳು ಕಂಠಪಾಠವಾಗಿದ್ದವು. ನಾವು ಹುಟ್ಟಿ ಬೆಳೆದ ಓಣಿಯ ನಡುವಿನ ಬಾವಿಯನ್ನು ಯಾರು ತೋಡಿಸಿದರು? ತಿಳಿಯದು. ಮೂಲೆಯಲ್ಲಿ ಗಾಣವಿತ್ತು, ಎಂದು ನಿಂತಿತು? ತಿಳಿಯದು. ಕೌದಿ ಹೊಲಿಯಲು ವರ್ಷಕ್ಕೊಮ್ಮೆ ಬಂದು ಹೊರಜಗಲಿಯಲ್ಲಿ ವಾರಗಟ್ಟಲೆ ಕುಳಿತಿರುತ್ತಿದ್ದ ಆ ಮುದುಕಿಯ ಹೆಸರೇನು? ಅದೂ ತಿಳಿಯದು. ಆಕೆಯನ್ನು ಹೆಸರು ಕೇಳಬೇಕೆಂದು ಅಂದು ಯಾರಿಗೂ ಅನ್ನಿಸಿರಲಿಲ್ಲ. ಆಕೆ ಹೊಲಿದ ಕೌದಿಯನ್ನು ಹೊದ್ದು ಮಲಗಿದವರು ನಾವು.

ಮೊಮ್ಮಗಳ ಕೆಲಸ ಸಾಗಿತು. ಅವರ ಬೀದಿಯ ಕೊನೆಯ ಮನೆಯಲ್ಲಿದ್ದ ವೃದ್ಧರೊಬ್ಬರು, ಅಲ್ಲೆಲ್ಲ ಹಿಂದೆ ಹಣ್ಣಿನ ತೋಟವಿತ್ತೆಂದೂ ತಾವು ಹುಡುಗರಾಗಿದ್ದಾಗ ಅಲ್ಲಿ ಕೂಲಿಗೆ ಹಣ್ಣು ಕಿತ್ತಿದ್ದುಂಟೆಂದೂ ಹೇಳಿದರು. ಎರಡು ಪುಟದ ಕೆಲಸ ಏಳು ಪುಟವಾಯಿತು, ಚಿತ್ರಗಳೊಡನೆ.

ನಮ್ಮ ಕೆಲಸ ಅಷ್ಟು ಸುಲಭವಾಗಲಿಲ್ಲ. ಧಾರವಾಡಕ್ಕೆ ಮರಳಿದ ವಾರವೇ ಹಳೆಯ ಓಣಿಗೆ ಹೋದೆವು. ಬಾವಿಯನ್ನು ಮುಚ್ಚಿ ಅದರ ಮೇಲೆ ವಾಹನ ನಿಲ್ಲಿಸುವ ಜಾಗ ಮಾಡಿದ್ದರು. ಬಾವಿಯ ಕಥೆಯನ್ನು ಬಲ್ಲ ಹಿರಿಯರೊಬ್ಬರಿದ್ದರು, ಅವರು ತೀರಿಕೊಂಡು ಎರಡು ವರ್ಷವಾಯಿತೆಂದು ಅವರ ಸೊಸೆ ಹೇಳಿದಳು. ಎರಡೇ ವರ್ಷ! ನಾವು ನಯಾಗರ ನೋಡಲು ಹಣ ಕೂಡಿಸುತ್ತಿದ್ದ ಆ ಎರಡು ವರ್ಷಗಳಲ್ಲಿ ಒಂದು ಸಂಜೆ ಹೋಗಿ ಅವರ ಜಗಲಿಯಲ್ಲಿ ಕುಳಿತಿದ್ದರೆ ಸಾಕಾಗಿತ್ತು.

ಬಲ್ಲವರು ಬಲ್ಲಷ್ಟನ್ನು ಹೇಳಿದರು. ನಾವು ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಬರೆಯತೊಡಗಿದೆವು. ಗಾಣದ ಸಪ್ಪಳ, ಮಳೆಗಾಲದಲ್ಲಿ ಓಣಿಯಲ್ಲಿ ಹರಿಯುತ್ತಿದ್ದ ಕೆಂಪು ನೀರು, ಪೇಡೆಯ ವಾಸನೆ, ಯಾರ ಮನೆಯ ಬಾಗಿಲು ಹಗಲಿಡೀ ತೆರೆದಿರುತ್ತಿತ್ತು, ಯಾರ ಮನೆಯವರನ್ನು ಬಾವಿಯ ಹತ್ತಿರ ಬರಗೊಡುತ್ತಿರಲಿಲ್ಲ ಎಂಬುದನ್ನೂ ಬರೆದೆವು. ಬಾಲ್ಡ್‌ವಿನ್ ತಮ್ಮ ಕೇರಿಯ ಕೆಡುಕನ್ನು ಮುಚ್ಚಿಡಲಿಲ್ಲ; ನಾವು ನಮ್ಮ ಓಣಿಯದನ್ನು ಮುಚ್ಚಿಟ್ಟರೆ ಮಗುವಿಗೆ ಸುಳ್ಳು ಹೇಳಿದಂತಾಗುತ್ತದೆ. ಚಿತ್ರ ಬಿಡಿಸುವುದು ಮೊಮ್ಮಗಳ ಪಾಲಿಗಿದೆ. ಅವಳು ಆ ಓಣಿಯನ್ನು ಕಂಡಿಲ್ಲ. ನಮ್ಮ ಬಾಯಲ್ಲಿ ಕೇಳಿಯೇ ಬಿಡಿಸಬೇಕು.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಈ ರಜೆಯಲ್ಲಿ ಮಕ್ಕಳ ಕೈಗೆ ಆ ನಾಲ್ಕು ಪ್ರಶ್ನೆಗಳನ್ನು ಕೊಟ್ಟು, ಕೇರಿಯ ಹಿರಿಯರ ಮನೆಗೆ ಕಳುಹಿಸಿರಿ. ಅದಕ್ಕೆ ದೊಡ್ಡ ಗ್ರಂಥಾಲಯ ಬೇಡ, ಹಣವೂ ಬೇಡ. ಒಂದು ನೋಟುಪುಸ್ತಕ, ಒಂದು ಸಂಜೆ ಸಾಕು. ನಾಳೆ ಎನ್ನದಿರಿ. ನಮ್ಮ ನೋಟುಪುಸ್ತಕದಲ್ಲಿ ‘ಬಾವಿಯನ್ನು ತೋಡಿಸಿದವರು’ ಎಂದು ಬರೆದು ಮುಂದೆ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇವೆ. ಅದರ ಕೆಳಗೆ ‘ಕೌದಿ ಹೊಲಿದ ಅಜ್ಜಿ’ ಎಂದು ಬರೆದು ಇನ್ನೊಂದು ಸಾಲನ್ನು.